ಬೆಟ್ಟದ ತುದಿಯ ಪುಸ್ತಕ

ಅಕ್ಟೋಬರ್ ೬, ಭಾನುವಾರ ಸಂಜೆ

ಅತ್ತಿಗೆಗೆ ನಮಸ್ಕಾರ.

ನಾನು ಆರೋಗ್ಯವಾಗಿದ್ದೇನೆ. ಮೂರು ವಾರದಿಂದ ಕಾಗದ ಬರೆದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಫೋನು ಎತ್ತಿದರೆ ನೀವು ಮೊದಲು ಕೇಳುವುದೇ "ಸಿಕ್ತಾ?" ಅಂತ. ಇಲ್ಲ, ಇಲ್ಲ ಅಂತ ಎಷ್ಟು ಸಲ ಹೇಳಲಿ? ಅದಕ್ಕೇ ಎರಡು ಸಲ ಎತ್ತಲೇ ಇಲ್ಲ. ಈ ಸಲವೂ ಸಿಗಲಿಲ್ಲ ಅತ್ತಿಗೆ. ಮೂರನೆಯ ಬಾರಿಯೂ ಬರಿಗೈಯಲ್ಲಿ ಇಳಿದು ಬಂದೆ. ಬೂಟು ಬಿಚ್ಚಿ ಮೂಲೆಗೆ ಎಸೆದ ಸದ್ದಿಗೆ ಪಕ್ಕದ ಕೋಣೆಯವಳು ಗೋಡೆ ತಟ್ಟಿದಳು. ತಟ್ಟಲಿ.

ನಾನು ಇಲ್ಲಿಗೆ ಓದಲು ಹೊರಟಾಗ ನೀವು ಬಟ್ಟೆ ಬೇಡ, ಸೆಂಟು ಬೇಡ, ಆ ಪುಟದ ಫೋಟೋ ಒಂದು ಕಳಿಸು ಅಂದಿರಿ. ಅಣ್ಣ ಇದೇ ಶಾಲೆಯಲ್ಲಿ ಓದುತ್ತಿದ್ದಾಗ ಬೆಟ್ಟದ ತುದಿಯಿಂದ ನಿಮಗೆ ಫೋನು ಮಾಡಿದ್ದನಂತೆ. ಇಲ್ಲೊಂದು ಪುಸ್ತಕ ಇದೆ, ಹತ್ತಿ ಬಂದವರೆಲ್ಲ ಏನಾದರೂ ಬರೆಯುತ್ತಾರೆ, ನಾನು ನಿನಗೇ ಒಂದು ಮಾತು ಬರೆದಿದ್ದೇನೆ, ಊರಿಗೆ ಬಂದಮೇಲೆ ಹೇಳುತ್ತೇನೆ ಅಂದನಂತೆ. ಊರಿಗೆ ಬಂದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ನಿಮ್ಮನ್ನು ಸತಾಯಿಸಿಕೊಂಡೇ ಇದ್ದ. ಜ್ವರ ಬಂದು ಐದೇ ದಿನಕ್ಕೆ ಹೋಗಿಬಿಟ್ಟ. ಎರಡು ವರ್ಷವಾಯಿತು.

ಆ ಪುಸ್ತಕ ಈಗ ತುಂಬಿದೆಯಂತೆ. ತಿಂಗಳ ಕೊನೆಗೆ, ಹಿಮ ಬೀಳುವ ಮೊದಲು, ಅದನ್ನು ಕೆಳಗಿಳಿಸಿ ಹೊಸದನ್ನು ಇಡುತ್ತಾರೆ. ಹಳೆಯದು ಎಲ್ಲಿಗೆ ಹೋಗುತ್ತದೆ ಅಂತ ಬೆಟ್ಟದ ಬುಡದ ಕಾವಲುಗಾರನನ್ನು ಕೇಳಿದೆ. ಯಾರಿಗೆ ಗೊತ್ತು ಅಂದ.

ಮೊದಲ ಸಲ ಮೋಡ ಮುಚ್ಚಿತು. ಎರಡನೆಯ ಸಲ ಬಡಗಿಯ ಬೂಟಿನ ಅಟ್ಟೆ ಕಿತ್ತುಬಂತು. ಬಡಗಿ ನನ್ನ ಸಹಪಾಠಿ. ಹತ್ತು ವರ್ಷ ಮರಗೆಲಸ ಮಾಡಿ ಈಗ ನಮ್ಮ ಜೊತೆ ಕೃತಕ ಕಾಲು ಮಾಡುವುದನ್ನು ಕಲಿಯುತ್ತಿದ್ದಾನೆ. ಕಾಲಿಲ್ಲದವರಿಗೆ ಕಾಲು ಮಾಡುವವನಿಗೆ ತನ್ನ ಬೂಟಿನ ಮೇಲೆ ನಿಗಾ ಇಲ್ಲ. ಒಬ್ಬನ ಬೂಟು ಹೋದರೆ ಜೊತೆಗೆ ಹತ್ತುವ ತರಗತಿಯ ಐವರೂ ಯಾಕೆ ಇಳಿಯಬೇಕು? ಇವರ ಕಟ್ಟಳೆಯೇ ಹಾಗೆ: ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು, ಒಬ್ಬರು ಇಳಿದರೆ ಎಲ್ಲರೂ ಇಳಿಯಬೇಕು. ಮುಂದೆ ನಡೆಯುವವನನ್ನು ನಾವು ಗಡಿಯಾರ ಅನ್ನುತ್ತೇವೆ. ಮಧ್ಯಾಹ್ನ ಒಂದು ಗಂಟೆಯಾದರೆ, ತುದಿ ಮೂಗಿನ ಮುಂದಿದ್ದರೂ ನಮ್ಮನ್ನು ವಾಪಸ್ಸು ತಿರುಗಿಸುತ್ತಾನೆ.

ಇವತ್ತು ಬಿಸಿಲಿತ್ತು, ಬೇಕಾದಷ್ಟು ಹೊತ್ತೂ ಇತ್ತು. ತುದಿಯ ಕಬ್ಬಿಣದ ಕಂಬ ಕಾಣುತ್ತಿತ್ತು. ಅದಕ್ಕೆ ಕಟ್ಟಿದ್ದ ಪುಸ್ತಕದ ಡಬ್ಬಿಯೂ ಕಾಣುತ್ತಿತ್ತು. ಇನ್ನು ಇಪ್ಪತ್ತು ನಿಮಿಷದ ದಾರಿ. ಅಲ್ಲಿ ನನ್ನ ಮಂಡಿ ಹಿಡಿದುಕೊಂಡಿತು. ನಮ್ಮ ತರಗತಿಯವರ ಎದುರು ಮಂಡಿ ನೋವು ಅನ್ನಬಾರದು ಅತ್ತಿಗೆ. ನಾಲ್ಕು ಜನ, ಎಂಟು ಕೈ, ಒತ್ತಿ ನೋಡಿದ್ದೇ ನೋಡಿದ್ದು. ಊತವೇ ಇಲ್ಲವಲ್ಲ ಅಂದಳು ಒಬ್ಬಳು.

"ಇದು ಪೂರ್ತಿ ಕೆಟ್ಟರೆ ಹೇಳು, ಹೊಸದು ಮಾಡಿಕೊಡ್ತೀನಿ. ಈ ವಾರ ಅದೇ ಪಾಠ ಆಗಿದ್ದು" ಅಂದ ಬಡಗಿ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ನೀವು ಹೋಗಿಬನ್ನಿ, ನಾನು ಇಲ್ಲೇ ಕೂತಿರುತ್ತೇನೆ ಅಂದೆ.

"ನಿನ್ನ ಬಿಟ್ಟು ಹೋಗಿ ಅಲ್ಲೇನು ನೋಡೋದಿದೆ? ಕಲ್ಲು ತಾನೆ? ನಡಿ, ಇಳಿಯೋಣ" ಅಂದ ಗಡಿಯಾರ.

ಅವನದೇನು ತಪ್ಪು. ಅಣ್ಣನ ವಿಷಯ ನಾನು ಇವರಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನಾಳೆಯಿಂದ ಮುಖ ಸಣ್ಣಗೆ ಮಾಡಿಕೊಂಡು, ದನಿ ತಗ್ಗಿಸಿ ಮಾತಾಡಿಸುತ್ತಾರೆ. ಬಡಗಿ ನನ್ನ ಚೀಲವನ್ನೂ ತಾನೇ ಹೊತ್ತ. ದಾರಿಯುದ್ದಕ್ಕೂ ಅವರ ಒಳ್ಳೆಯತನದ ಮೇಲೇ ಸಿಟ್ಟು. ಒಬ್ಬರಾದರೂ ಬೈದು ಎಬ್ಬಿಸಿದ್ದರೆ ಹತ್ತಿಬಿಡುತ್ತಿದ್ದೆನೋ ಏನೋ.

ಇರಲಿ. ಓದು ನಡೆಯುತ್ತಿದೆ. ದಿನವಿಡೀ ಪ್ಲಾಸ್ಟರ್ ಕಲಸಿ ಕೈ ಬಿರುಕು ಬಿಟ್ಟಿದೆ. ನೀವು ಹೊಲಿಗೆ ಯಂತ್ರದ ಮುಂದೆ ಕೂತರೆ ಊಟಕ್ಕೂ ಏಳುವುದಿಲ್ಲ ಅಂತ ಅಮ್ಮ ದೂರು ಹೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಮ್ಮನಿಗೆ ನನ್ನ ನಮಸ್ಕಾರ. ನಿಮ್ಮ ಮಗಳಿಗೆ ವಿದ್ಯೆ ಚೆನ್ನಾಗಿ ಹತ್ತಲಿ, ಅವಳ ಹಟ ಸ್ವಲ್ಪ ಇಳಿಯಲಿ. ನಿಮಗೆ ಒಳ್ಳೆಯದಾಗಲಿ.

ನಿಮ್ಮ ನಾದಿನಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ನನ್ನ ಮಂಡಿ ನೋಯುತ್ತಿರಲಿಲ್ಲ ಅತ್ತಿಗೆ. ನನ್ನ ದಿನಚರಿಯಲ್ಲೂ ಅದೇ ಸುಳ್ಳು ಬರೆದಿದ್ದೇನೆ. ಡಬ್ಬಿ ಕಂಡೊಡನೆ ಹೆಜ್ಜೆ ಏಳಲಿಲ್ಲ. ಅಣ್ಣನ ಕಾಗದ, ಮೆಸೇಜು ಎಲ್ಲ ನನಗೆ ಬಾಯಿಪಾಠವಾಗಿದೆ. ನಾನು ಓದದೆ ಉಳಿದಿರುವುದು ಅದೊಂದೇ. ಅದನ್ನೂ ಓದಿಬಿಟ್ಟರೆ ಇನ್ನು ಅವನು ಹೊಸದಾಗಿ ಏನನ್ನೂ ಹೇಳುವುದಿಲ್ಲ.

ಆದರೆ ಅದು ನಿಮಗೆ ಬರೆದದ್ದು. ತಡೆದಿಡಲು ನಾನು ಯಾರು? ಇನ್ನೂ ಮೂರು ಭಾನುವಾರ ಇದೆ. ನಾಳೆ ಗಡಿಯಾರನಿಗೆ ಎಲ್ಲ ಹೇಳುತ್ತೇನೆ. ಅವನಿಗೆ ಕನ್ನಡ ಬರುವುದಿಲ್ಲ. ದುಂಡು ದುಂಡಾದ ಅಕ್ಷರ ಇರುವ ಪುಟ ಹುಡುಕಿ, ಫೋಟೋ ತೆಗೆದು, ನೇರವಾಗಿ ನಿಮ್ಮ ನಂಬರಿಗೆ ಕಳಿಸು ಅನ್ನುತ್ತೇನೆ. ಅಷ್ಟು ಹೊತ್ತು ನಾನು ಬೆನ್ನು ತಿರುಗಿಸಿ ನಿಂತಿರುತ್ತೇನೆ. ಓದಿದ ಮೇಲೆ, ಅದರಲ್ಲಿ ಏನಿತ್ತು ಅಂತ ನನಗೆ ಹೇಳಬೇಡಿ.