ಎರಡು ಸಾಲಿನಲ್ಲಿ ಹಿಡಿಸಲಾಗದ ಎಚ್ಚರಿಕೆ

ಆಫೀಸಿನ ಮೂರನೇ ಮಹಡಿ
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೇ? ಭಾವ ಸರಿಯಾಗಿ ಊಟ ಮಾಡುತ್ತಿದ್ದಾರೆಯೇ, ಇಲ್ಲ ಈಗಲೂ ರಿಪೇರಿಗೆ ಬಂದ ಗಡಿಯಾರ ಎದುರಿಗಿಟ್ಟುಕೊಂಡು ನಾಲ್ಕು ತುತ್ತು ತಿಂದು ಎದ್ದುಬಿಡುತ್ತಾರೆಯೇ? ಹೊಲಿಗೆ ಯಂತ್ರದ ಮುಸುಕು ತೆಗೆದೆ ಎಂದು ಬರೆದಿದ್ದೀಯ, ಓದಿ ಹೋದ ಜೀವ ಬಂದಂತಾಯಿತು. ಶಾಲೆಯ ಯೂನಿಫಾರಂ ಮಾತ್ರ ಒಪ್ಪಿಕೊಳ್ಳಬೇಡ. ಪರದೆ, ದಿಂಬಿನ ಚೀಲ, ಯಾರದಾದರೂ ಪ್ಯಾಂಟು ಗಿಡ್ಡ ಮಾಡುವುದು, ಸದ್ಯಕ್ಕೆ ಅಷ್ಟು ಸಾಕು. ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವವಳಲ್ಲ, ಅದಕ್ಕೇ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ ಎಂದಷ್ಟೇ ಬರೆಯುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಹೋದ ಸಲದ ಹಾಗೆ ಆ ತುದಿಯಲ್ಲಿ ನೀನು ಈ ತುದಿಯಲ್ಲಿ ನಾನು ಅತ್ತು, ಹೇಳಬೇಕಾದ್ದು ಹೇಳದೆ ಇಟ್ಟುಬಿಡುತ್ತೇವೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹೌದು, ಕಂತಿನ ಶುರುವಿಗೆ ಬರುವ ಆ ಎಚ್ಚರಿಕೆ ಬರೆದವನು ನಾನೇ. "ಈ ಕಂತಿನಲ್ಲಿ ಬೆಂಕಿ ಅವಘಡದ ದೃಶ್ಯಗಳಿವೆ. ಕೆಲವು ವೀಕ್ಷಕರಿಗೆ ಇದರಿಂದ ನೋವಾಗಬಹುದು." ಓದಿದವಳೇ ಟಿವಿ ಆರಿಸಿ, ರಿಮೋಟನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆಯಂತೆ. ನೀನೂ ಚೂಟಿಯೂ ಭಾನುವಾರದ ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ನೋಡುತ್ತಿದ್ದ ಸೀರೀಸು ಅದು. "ಮಗಳಿಗೆ ಕೊನೆ ಗೊತ್ತಾಗ್ಲೇ ಇಲ್ಲ, ನಾನಾದ್ರೂ ನೋಡ್ಬೇಕಲ್ವೇನೋ? ನೋಡ್ಲೋ ಬೇಡ್ವೋ, ನೀನೇ ಹೇಳು" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಪ್ರಬಂಧಕ್ಕೆ ಸೊನ್ನೆ ತಂದವನು ಈಗ ವಾಕ್ಯ ಬರೆದು ಸಂಬಳ ಎಣಿಸುತ್ತಾನೆ ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಈ ಕೆಲಸದ ಕಟ್ಟುಪಾಡು ನಿನಗೆ ಗೊತ್ತಿಲ್ಲ. ಎರಡೇ ಸಾಲು, ಪರದೆಯ ಮೇಲೆ ಐದೇ ಸೆಕೆಂಡು, ಕಥೆ ಮಾತ್ರ ಬಿಟ್ಟುಕೊಡಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲೆಲ್ಲ ಊಟದ ಹೊತ್ತಿಗೆ ಇಂಥ ಹತ್ತು ಬರೆದು ಬಿಸಾಡುತ್ತಿದ್ದೆ. "ಕೆಲವು ವೀಕ್ಷಕರು" ಎಂದು ನೂರಾರು ಸಲ ಟೈಪು ಮಾಡಿದ್ದೇನೆ, ಒಮ್ಮೆಯೂ ಅವರು ಯಾರು ಎಂದು ಕೇಳಿಕೊಂಡವನಲ್ಲ. ನವೆಂಬರಿನಲ್ಲಿ ಚೂಟಿಯ ಚದುರಂಗದ ಕ್ಲಾಸಿನ ಕಟ್ಟಡಕ್ಕೆ ಬೆಂಕಿ ಬಿತ್ತು, ಹಿಂಬಾಗಿಲಿಗೆ ಬೀಗ ಹಾಕಿತ್ತು, ನಮ್ಮ ಹನ್ನೊಂದು ವರ್ಷದ ಕೂಸು ಹೊರಗೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಆ ಕೆಲವರು ಎಂದರೆ ನನ್ನ ಅಕ್ಕ, ನನ್ನ ಭಾವ. ಈ ಕಂತನ್ನು ಚಿತ್ರೀಕರಿಸಿದ್ದು ವರ್ಷದ ಹಿಂದೆ. ದುರಂತವಾದ ಮೇಲೆ ಕಂಪನಿಯವರು ಮೂರು ತಿಂಗಳು ತಡೆಹಿಡಿದು, ಕಡೆಗೆ ಎಚ್ಚರಿಕೆ ಹಾಕಿ ಬಿಡೋಣ ಎಂದರು. ನಮ್ಮ ಮೇಡಂ ಒಳ್ಳೆಯವರು, "ಇದನ್ನ ಬೇರೆಯವರಿಗೆ ಕೊಡ್ತೀನಿ, ನೀವು ಬಿಟ್ಬಿಡಿ" ಎಂದರು. ನಾನೇ ಹಟ ಹಿಡಿದೆ. ಹನ್ನೊಂದು ಸಲ ಬರೆದೆ. ಒಂದರಲ್ಲಿ "ಅಕ್ಕಾ, ನೋಡಬೇಡ" ಎಂದಷ್ಟೇ ಇತ್ತು. ಮೇಡಂ ಅದನ್ನು ಓದಿ, ಒಂದು ಲೋಟ ನೀರು ತಂದಿಟ್ಟು ಹೋದರು.

ಇನ್ನೊಂದನ್ನು ನಿನಗೆ ಹೇಳಿಲ್ಲ. ಅಕ್ಟೋಬರಿನಲ್ಲಿ ಚೂಟಿ ನನಗೆ ಫೋನು ಮಾಡಿದ್ದಳು. ಆ ಸೀರೀಸಿನ ಹಿಂದಿನ ಕಂತು, ನಾಟಕ ತಂಡದ ಹುಡುಗಿ ತಾಲೀಮಿನ ಕೋಣೆಯಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಳ್ಳುವಲ್ಲಿಗೆ ನಿಂತಿತ್ತು, ಕೊನೆಯದು ತಿಂಗಳು ಬಿಟ್ಟು ಬರುವುದಿತ್ತು. "ಮಾವಾ, ನಮ್ಮ ಹುಡುಗಿ ಬದುಕ್ತಾಳಾ? ಒಂದೇ ಒಂದು ಸುಳಿವು ಕೊಡು, ಅಮ್ಮನಾಣೆ ಯಾರಿಗೂ ಹೇಳಲ್ಲ" ಎಂದಳು. ನಾನು ಅಷ್ಟರಲ್ಲಿ ಕೊನೆಯ ಕಂತು ನೋಡಿಯಾಗಿತ್ತು. ದೊಡ್ಡ ಮನುಷ್ಯನ ಹಾಗೆ, "ರೂಲ್ಸು ಅಂದ್ರೆ ರೂಲ್ಸು, ಕಾಯ್ಬೇಕು" ಎಂದೆ. "ಹೋಗು, ಜಿಪುಣ ಮಾವ" ಎಂದು ನಕ್ಕು ಇಟ್ಟಳು. ಹದಿನೆಂಟು ದಿನ ಕಳೆದ ಮೇಲೆ ನಿನ್ನ ಫೋನು ಬಂತು. ಒಂದು ಮಾತು ಹೇಳಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು ಅಕ್ಕಾ? ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ. ಬೈಯಬೇಕೆನಿಸಿದರೆ ಬೈದುಬಿಡು.

ನೋಡಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಒಬ್ಬಳೇ ನೋಡಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ರಿಮೋಟು ನನ್ನ ಕೈಯಲ್ಲಿರುತ್ತದೆ. ಹೊಗೆ ಶುರುವಾಗುವುದು ಇಪ್ಪತ್ತೆರಡನೇ ನಿಮಿಷಕ್ಕೆ, ಮುಗಿಯುವುದು ಮೂವತ್ತೊಂದಕ್ಕೆ. ಕೂಗಾಟ ಹೆಚ್ಚಿಲ್ಲ, ಬಾಗಿಲು ಬಡಿಯುವ ಸದ್ದಿದೆ, ಅಲ್ಲಿ ಸದ್ದು ತೆಗೆದುಬಿಡುತ್ತೇನೆ. ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗು, ಮುಗಿದ ಮೇಲೆ ನಾನೇ ಕರೆಯುತ್ತೇನೆ.

ಭಾವನವರಿಗೆ ನನ್ನ ನಮಸ್ಕಾರ ಹೇಳು. ನನ್ನ ಕೈಗಡಿಯಾರ ಮತ್ತೆ ನಿಂತಿದೆ, ತರುತ್ತಿದ್ದೇನೆ ಎಂದೂ ಹೇಳು. ನನ್ನನ್ನು ಬೈಯುವ ನೆಪದಲ್ಲಾದರೂ ಅವರು ನಾಲ್ಕು ಮಾತಾಡಲಿ. ಮೊಣಕೈಗೆ ಬಿಸಿನೀರಿನ ಶಾಖ ಕೊಡುವುದು ಮರೆಯಬೇಡ.

ಎಷ್ಟು ಬೈದರೂ ನಿನ್ನವನೇ ಆದ
ಗೊಣಗ ತಮ್ಮ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಮೇಲೆ ಬರೆದದ್ದೆಲ್ಲ ಬೆಂಕಿಯ ಮಾತು. ನನಗೆ ಭಯವಿರುವುದು ಅದರದ್ದಲ್ಲ, ಮೂವತ್ತೆರಡನೇ ನಿಮಿಷದ್ದು. ನಾಟಕ ತಂಡದ ದೀಪ ನೋಡಿಕೊಳ್ಳುವವನು ಹಿಂಬಾಗಿಲಿನ ಚಿಲಕ ಒಡೆಯುತ್ತಾನೆ. ಹುಡುಗಿ ಕೆಮ್ಮುತ್ತಾ ನಡೆದು ಬರುತ್ತಾಳೆ, ಅವಳಮ್ಮ ಓಡಿಬಂದು ಅಪ್ಪಿಕೊಳ್ಳುತ್ತಾಳೆ. ಇದಕ್ಕೂ ಎಚ್ಚರಿಕೆ ಬೇಕು ಎಂದೆ. "ಅದು ಸಂತೋಷದ ದೃಶ್ಯ ಅಲ್ವಾ?" ಎಂದರು ಮೇಡಂ. ಬದುಕುತ್ತಾಳೆ ಅಕ್ಕಾ. ಚೂಟಿ ಕೇಳಿದ್ದಕ್ಕೆ ಅದೇ ಉತ್ತರ, ಬದುಕುತ್ತಾಳೆ. ನಾನು ಬರುವ ತನಕ ಡಬ್ಬಿಯಿಂದ ರಿಮೋಟು ತೆಗೆಯಬೇಡ.