ನನ್ನ ತಂಗಿ ಕಾರಿನಲ್ಲಿ ಮಲಗಲು ಜಾಗ ಕೇಳಿದ್ದಳು

ಮಾನ್ಯ ಜಿಲ್ಲಾ ಮಂಡಳಿಯ ಮುಖ್ಯ ಕಾರ್ಯದರ್ಶಿಗಳೇ,

ನನ್ನ ತಂಗಿ ಸೆತುನ್ಯಾ ಸತ್ತದ್ದು "ಚಾಲಕಿಯ ಸ್ವಂತ ನಿರ್ಲಕ್ಷ್ಯದಿಂದ" ಎಂದು ನಿಮ್ಮ ರಸ್ತೆ ಸುರಕ್ಷತಾ ಸಮಿತಿ ಬರೆದಿದೆ. ಹನ್ನೊಂದು ಪುಟದ ವರದಿ. ನಮ್ಮ ತಾಯಿಗೆ ಓದು ಬಾರದು, ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಪುಟದ ಆ ಮೂರು ಪದಗಳನ್ನು ನಾನು ಓದದೆ ಹಾರಿಸಿದೆ. ಎಂಬತ್ತೈದರ ಆಕೆ ಆಮೇಲಿಂದ ದಿನವೂ ಕೇಳುತ್ತಾಳೆ: "ಕೆರೆಂಗ್, ತಪ್ಪು ಯಾರದು ಅಂತ ಬರೆದಿದಾರೋ ಆ ಸಾಹೇಬ್ರು?" ನಾನು ಪ್ರತಿದಿನವೂ "ಇನ್ನೂ ಬರೆದಿಲ್ಲಮ್ಮ" ಎನ್ನುತ್ತೇನೆ. ಇದು ಸುಳ್ಳು. ಈ ಸುಳ್ಳನ್ನು ನಿಜ ಮಾಡಿಕೊಡಿ ಎಂದು ಕೇಳುವುದಕ್ಕಾಗಿ, ಎಲ್ಲರೂ ಓದಲಿ ಎಂದು ಪತ್ರಿಕೆಯಲ್ಲೇ ಈ ಪತ್ರ ಬರೆಯುತ್ತಿದ್ದೇನೆ.

ಸೆತುನ್ಯಾ ಯಾರು ಎಂಬುದು ನಿಮ್ಮ ವರದಿಯಲ್ಲಿಲ್ಲ. "ಮಹಿಳೆ, ಐವತ್ತೆರಡು ವರ್ಷ" ಎಂದಷ್ಟೇ ಇದೆ. ಆಕೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳು. ಫ್ರಾನ್ಸಿಸ್‌ಟೌನಿನಿಂದ ಉಪ್ಪಿನ ಬಯಲಿನವರೆಗೆ ಯಾವ ಊರಲ್ಲಿ ನಮ್ಮ ಕಡೆ ಮದುವೆಗೆ ಉಡುವ ನೀಲಿ ಬಟ್ಟೆ ಹೊಲಿಯುವಾಗ ಸೂಜಿ ಮುರಿದರೂ ಈಕೆಗೇ ಫೋನು. ಹಳೆಯ ಬಿಳಿ ಕಾರು, ಹಿಂದೆ ಹತಾರದ ಪೆಟ್ಟಿಗೆ, ಪಕ್ಕದಲ್ಲಿ ಸುತ್ತಿಟ್ಟ ಹಾಸಿಗೆ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಒಬ್ಬಳೇ ತಿರುಗಾಟ, ಕಾರಿನಲ್ಲೇ ನಿದ್ದೆ.

ಹಾಗೆ ಮಲಗುವುದನ್ನು ಆಕೆಗೆ ಕಲಿಸಿದವನು ನಾನು. ಮೂವತ್ತೊಂದು ವರ್ಷ ದನ ಸಾಗಿಸುವ ಲಾರಿ ಓಡಿಸಿದವನು, ಮನೆಯ ಹಾಸಿಗೆಗಿಂತ ಲಾರಿಯ ಸೀಟಿನಲ್ಲಿ ಹೆಚ್ಚು ಮಲಗಿದವನು. ಆಕೆ ಮೊದಲ ಬಾರಿ ಹೊರಟಾಗ ಅಂಗಳದಲ್ಲಿ ಕೂರಿಸಿಕೊಂಡು ಪಾಠ ಹೇಳಿದೆ. ಗಾಡಿಯ ಮೂತಿ ರಸ್ತೆಯ ಕಡೆಗಿರಲಿ, ಎದ್ದು ಓಡಬೇಕಾದರೆ ಹಿಂದೆ ಮುಂದೆ ಮಾಡಬಾರದು. ನೆಲ ಇಳಿಜಾರಿದ್ದರೆ ತಲೆ ಎತ್ತರದ ಕಡೆಗೆ. ಎರಡೂ ಬದಿಯ ಗಾಜು ಒಂದು ಬೆರಳಷ್ಟು ಇಳಿಸು, ಇಲ್ಲದಿದ್ದರೆ ನಿನ್ನ ಉಸಿರೇ ನೀರಾಗಿ ಬೆಳಗಿಗೆ ಕಂಬಳಿ ಒದ್ದೆ. ಅಡುಗೆ ಒಂದು ಕಡೆ, ನಿದ್ದೆ ಇನ್ನೊಂದು ಕಡೆ. ವಾಸನೆ ಹಿಡಿದು ಬರುವ ಪ್ರಾಣಿ ಪಾತ್ರೆಯ ಹತ್ತಿರ ಬರಲಿ, ನಿನ್ನ ಹತ್ತಿರ ಬೇಡ. ಚಪ್ಪಲಿ ಒಳಗಿಡು, ಹೊರಗಿಟ್ಟರೆ ಚೇಳು ಬಾಡಿಗೆಗೆ ಬರುತ್ತದೆ. ಕೀಲಿ ಕೊರಳಲ್ಲಿ ದಾರ ಹಾಕಿ ಕಟ್ಟಿಕೋ. ಹಣ್ಣಿನ ಕಾಲದಲ್ಲಿ ಮರೂಲಾ ಮರದ ಕೆಳಗೆ ನಿಲ್ಲಿಸಬೇಡ, ಆ ಜಾಗವನ್ನು ಆನೆ ನಿನಗಿಂತ ಮೊದಲೇ ಗೊತ್ತು ಮಾಡಿಕೊಂಡಿರುತ್ತದೆ.

ಕೇಳಿಸಿಕೊಂಡು ಆಕೆ ಅಂದಳು: "ಎಲ್ಲಾ ಸರಿ ಅಣ್ಣಾ. ಮಧ್ಯದಲ್ಲಿ ಎದ್ದು ಹೊರಗೆ ಹೋಗ್ಬೇಕಾದ್ರೆ ಹೆಂಗಸು ಏನ್ಮಾಡ್ಬೇಕು?"

"ಅದು ನಂಗೊತ್ತಿಲ್ಲ ಕಣೆ."

"ಹಂಗಾದ್ರೆ ನಿನ್ನ ಪಾಠ ಅರ್ಧ. ಫೀಸೂ ಅರ್ಧ."

ಮುಚ್ಚಳವಿರುವ ಬಕೆಟ್ಟು ತಂದು ಆ ಅರ್ಧವನ್ನು ತಾನೇ ತುಂಬಿಕೊಂಡಳು. ನನ್ನ ಹಳೆಯ ಬೂಟುಗಳನ್ನು ಕೇಳಿ ಪಡೆದು ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡಳು, ನೋಡಿದವರು ಒಳಗೆ ಗಂಡಸಿದ್ದಾನೆ ಅಂದುಕೊಳ್ಳಲಿ ಎಂದು. "ಗಂಡನ ಕೈಲಿ ಆಗೋ ಕೆಲ್ಸ ಬೂಟೇ ಮಾಡುತ್ತೆ, ಊಟಾನೂ ಕೇಳಲ್ಲ" ಅನ್ನುತ್ತಿದ್ದಳು.

ಎಲ್ಲಕ್ಕಿಂತ ಮೇಲಿನ ಪಾಠ ಒಂದಿತ್ತು. ಯಾವ ಊರಲ್ಲಿ ಮಲಗಿದರೂ ಮೊದಲು ಆ ಊರಿನ ಕಟ್ಟೆಗೆ ಹೋಗಿ ಮುಖ್ಯಸ್ಥರಿಗೆ ಹೇಳಬೇಕು: ನಾನು ಇಂಥವಳು, ಇಂಥ ಊರಿನವಳು, ಇವತ್ತು ಇಲ್ಲಿ ಮಲಗುತ್ತೇನೆ. ಹೇಳದೆ ಮಲಗುವವರು ಕಳ್ಳರು. ಹೇಳಿದ ಮೇಲೆ ನೀನು ಆ ಊರಿನ ಅತಿಥಿ. ಇದನ್ನು ನಾನೇನು ಹೊಸದಾಗಿ ಕಂಡುಹಿಡಿದೆನೇ? ನಿಮ್ಮ ಅಜ್ಜನೂ ಹಾಗೇ ಮಾಡಿದವರಲ್ಲವೇ? ಕೊನೆಯ ದಿನ ಅವಳು ಜಾಗ ಕೇಳಿದ ನಿಮ್ಮ ಜಿಲ್ಲೆಯ ಆ ಊರಿನ ಕಟ್ಟೆಯ ಬಯಲಲ್ಲಿ ಸೆತುನ್ಯಾ ಒಂಬತ್ತು ವರ್ಷ, ಹೋದಾಗಲೆಲ್ಲ ಹೀಗೇ ಹೇಳಿ ಮಲಗಿದ್ದಾಳೆ. ಬೆಳಗ್ಗೆ ಮುಖ್ಯಸ್ಥರ ಹೆಂಡತಿ ಜೋಳದ ಗಂಜಿ ತಂದು ಗಾಜು ತಟ್ಟಿ "ಸೂಜಿ ಡಾಕ್ಟ್ರೇ, ಏಳಿ, ರೋಗಿ ಬಂದಿದೆ" ಎಂದು ಕೆಟ್ಟ ಯಂತ್ರವನ್ನು ಮುಂದಿಡುತ್ತಿದ್ದರಂತೆ.

ಹೋದ ವರ್ಷ ನೀವು ಆ ಬಯಲಿಗೆ ಬೇಲಿ ಹಾಕಿಸಿದಿರಿ. ಕಾವಲಿಗೆ ಜನ ಇಟ್ಟಿರಿ. ಬೋರ್ಡು ನೆಟ್ಟಿರಿ: "ವಾಹನದೊಳಗೆ ಮಲಗುವುದನ್ನು ನಿಷೇಧಿಸಲಾಗಿದೆ." ಕಾರ್ಯದರ್ಶಿಗಳೇ, ಅಪರಾಧ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ? ಕಣ್ಣು ಮುಚ್ಚಿದಾಗಲೋ, ಗೊರಕೆ ಬಂದಾಗಲೋ? ಸೀಟಿಗೆ ಒರಗಿ ದೇವರನ್ನು ನೆನೆದರೆ ಅದು ಪ್ರಾರ್ಥನೆಯೋ ಉಲ್ಲಂಘನೆಯೋ? ಪ್ರಯಾಣಿಕರು "ಪರವಾನಗಿ ಪಡೆದ ವಸತಿಗೃಹಗಳನ್ನು ಬಳಸತಕ್ಕದ್ದು" ಎಂದು ಬೋರ್ಡಿನ ಎರಡನೇ ಸಾಲು. ಬಹಳ ಒಳ್ಳೆಯ ಸಲಹೆ. ಅಂಥ ವಸತಿಗೃಹ ಆ ಬೋರ್ಡಿನಿಂದ ನೂರ ಅರವತ್ತು ಕಿಲೋಮೀಟರ್ ದೂರದಲ್ಲಿದೆ. ತೂಕಡಿಸುತ್ತಿರುವವರನ್ನು ಅಷ್ಟು ದೂರ ಗಾಡಿ ಓಡಿಸಲು ಹೇಳುವ ಬೋರ್ಡನ್ನು ರಸ್ತೆ ಸುರಕ್ಷತೆಯ ಹೆಸರಲ್ಲಿ ನೆಡುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಜುಲೈ ತಿಂಗಳ ಆ ಶುಕ್ರವಾರ ಸಂಜೆ ಏನಾಯಿತೆಂದು ನನಗೆ ಹೇಳಿದವನು ನಿಮ್ಮ ಕಾವಲುಗಾರ ಬರೂತಿ. ನಿಮ್ಮ ಸಮಿತಿ ಅವನನ್ನು ಏನೂ ಕೇಳಲಿಲ್ಲ. ಸೆತುನ್ಯಾಳನ್ನು ಮಣ್ಣು ಮಾಡುವ ದಿನ ಅವನೇ ನಮ್ಮ ಮನೆ ಹುಡುಕಿಕೊಂಡು ಬಂದ, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

ಸೆತುನ್ಯಾ ಅವತ್ತು ಬೆಳಗಿನಿಂದ ಒಂದು ಶಾಲೆಯಲ್ಲಿ ಒಂಬತ್ತು ಯಂತ್ರ ಬಿಚ್ಚಿ ಜೋಡಿಸಿ ಬಂದಿದ್ದಳು. ಬೇಲಿಯ ಬಾಗಿಲು ತೆರೆದಿತ್ತು. ಕಾರು ನಿಲ್ಲಿಸಿ, ಹಾಸಿಗೆ ಬಿಡಿಸಿ, ತಾನೇ ಹೊಲಿದ ಪರದೆಗಳನ್ನು ಹಿಂದಿನ ಕಿಟಕಿಗಳಿಗೆ ಕಟ್ಟಿ, ಮುಖ್ಯಸ್ಥರನ್ನು ಕಾಣಲು ಇಳಿದಾಗ ಬರೂತಿ ಬಂದ.

"ಅಕ್ಕಾ, ಇಲ್ಲಿ ಮಲಗೋ ಹಾಗಿಲ್ಲ. ಬೋರ್ಡ್ ನೋಡಿ."

"ನೋಡಿದೆ ಕಣಪ್ಪಾ. ನಿನ್ನ ಬೋರ್ಡಿಗಿಂತ ನಾನು ಇಲ್ಲಿ ಹಳಬಳು. ಮುಖ್ಯಸ್ಥರಿಗೆ ಒಂದು ಮಾತು ಹೇಳಿ ಬರ್ತೀನಿ."

"ಅವರಿಲ್ಲ. ಮನೆಯವರ ಜೊತೆ ಪಕ್ಕದೂರಿನ ಸಾವಿಗೆ ಹೋಗಿದಾರೆ. ನಾಳೆ ಬೆಳಗ್ಗೆ ಮಣ್ಣು ಮುಗಿಸ್ಕೊಂಡೇ ಬರೋದು."

"ಹಂಗಾದ್ರೆ ನಿಂಗೇ ಹೇಳಿದೀನಿ ಅಂದ್ಕೋ. ಕೇಳಿಸ್ಕೊಂಡ್ಯಲ್ಲ?"

"ಕೇಳಿಸ್ಕೊಂಡ್ರೆ ನನ್ನ ಕೆಲ್ಸ ಹೋಗುತ್ತಕ್ಕಾ."

ಅವಳಿಗೆ ನಗು ಬಂತಂತೆ. ಕಣ್ಣು ಕೆಂಪಗಿತ್ತಂತೆ. ಅದನ್ನು ನೋಡಿ ಬರೂತಿಯೇ ತಡೆಯಲಾಗದೆ ಮೆಲ್ಲಗೆ ಅಂದ: "ಒಂದು ಕೆಲ್ಸ ಮಾಡಿ. ನಮ್ಮನೆ ಹಿಂದೆ ಮೇಕೆ ಕಟ್ಟೋ ಜಾಗದಲ್ಲಿ ನಿಲ್ಲಿಸ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದ ಹಂಗೆ ಮಲಗೋಕೆ ನಾನೇನು ಕಳ್ಳಿಯೇನಪ್ಪಾ? ನಾಳೆ ಮುಖ್ಯಸ್ಥರು ಬಂದು, ನನ್ನೂರಲ್ಲಿ ಹೇಳದೆ ಕೇಳದೆ ಮಲಗಿದ್ಲು ಅಂದ್ರೆ ನಾನು ಮತ್ತೆ ಈ ಊರಿಗೆ ಯಾವ ಮುಖ ಇಟ್ಕೊಂಡು ಬರ್ಲಿ? ಬೇಡ. ಮುಂದಿನೂರು ಐವತ್ತು ಕಿಲೋಮೀಟರ್ ತಾನೇ. ಅಲ್ಲಿ ಹೇಳಿ ಮಲಗ್ತೀನಿ."

ಹೊರಟಳು. ಮುಂದಿನೂರಲ್ಲಿ ಹೇಗೂ ಮಲಗುವುದೇ ತಾನೇ ಎಂದು ಪರದೆ ಬಿಚ್ಚಲಿಲ್ಲ. ಹೊತ್ತು ಮುಳುಗುತ್ತಿತ್ತು. ಮೂವತ್ತೇಳನೇ ಕಿಲೋಮೀಟರಿನಲ್ಲಿ ನಿದ್ದೆ ಅವಳನ್ನು ಕೇಳದೆಯೇ ಬಂತು. ಕಾರು ರಸ್ತೆ ಬಿಟ್ಟು ಮೊಪಾನೆ ಮರಕ್ಕೆ ಹೋಯಿತು. ಮುಂದಿನೂರು ಇನ್ನು ಹದಿಮೂರೇ ಕಿಲೋಮೀಟರ್ ಇತ್ತು.

ನಿಮ್ಮ ವರದಿಯ ಏಳನೇ ಪುಟ: "ವಾಹನದ ಹಿಂಬದಿಯ ಕಿಟಕಿಗಳಿಗೆ ಬಟ್ಟೆ ಕಟ್ಟಲಾಗಿದ್ದು, ಚಾಲಕಿಯ ದೃಷ್ಟಿಗೆ ಅಡಚಣೆಯಾಗಿತ್ತು." ಮರ ಮುಂದಿತ್ತು ಸ್ವಾಮಿ, ಹಿಂದಲ್ಲ. ಆ ಬಟ್ಟೆ ಅಲ್ಲೇಕಿತ್ತು ಎಂದು ಒಬ್ಬರಾದರೂ ಕೇಳಿದಿರಾ? ಹಾಸಿಗೆ ಬಿಡಿಸಿದ್ದು ಕಾಣಲಿಲ್ಲವೇ? ಮಲಗಲು ಸಿದ್ಧಳಾಗಿದ್ದ ಹೆಂಗಸು ಏಕೆ ಸ್ಟಿಯರಿಂಗ್ ಹಿಡಿದಿದ್ದಳು ಎಂಬ ಪ್ರಶ್ನೆಗೆ ಹನ್ನೊಂದು ಪುಟದಲ್ಲಿ ಎಲ್ಲೂ ಜಾಗ ಸಿಗಲಿಲ್ಲವೇ? ಮರದ ಸುತ್ತಳತೆಯನ್ನು ಎರಡು ಸಲ ಬರೆದಿದ್ದೀರಿ. ಬರೂತಿಯ ಹೆಸರು ಒಂದು ಸಲವೂ ಇಲ್ಲ. ಅವನನ್ನು ದಯವಿಟ್ಟು ಕೆಲಸದಿಂದ ತೆಗೆಯಬೇಡಿ. ಅವನು ತಾನೇ ಹೇಳಿದಂತೆ ಕೇಳಿಸಿಕೊಳ್ಳದೆ ಇದ್ದ. ಅದಕ್ಕೇ ತಾನೇ ನೀವು ಅವನನ್ನು ಇಟ್ಟದ್ದು?

ತಪ್ಪಿನಲ್ಲಿ ನನ್ನ ಪಾಲೂ ಇದೆ, ಬರೆದುಕೊಳ್ಳಿ. ರೆಪ್ಪೆ ಭಾರವಾದರೆ ನಿಂತಲ್ಲೇ ನಿಂತುಬಿಡು ಎಂದೂ ಅವಳಿಗೆ ಹೇಳಿದ್ದೆ. ಹೇಳದೆ ಮಲಗಬೇಡ ಎಂದೂ ಹೇಳಿದ್ದೆ. ಎರಡೂ ಎದುರುಬದುರು ಬಂದರೆ ಯಾವುದನ್ನು ಬಿಡಬೇಕು ಎಂದು ಹೇಳಿಕೊಡಲಿಲ್ಲ. ಅಂಥ ದಿನ ಬರುತ್ತದೆಂದು ನನಗೆ ತೋಚಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾವ ಊರೂ ನನಗೆ "ನೀನು ಹೇಳುವುದನ್ನು ಕೇಳಿಸಿಕೊಳ್ಳುವವರಿಲ್ಲ" ಅಂದಿರಲಿಲ್ಲ.

ಬೇಲಿ ನಿಮ್ಮದು, ಇಟ್ಟುಕೊಳ್ಳಿ. ಬೋರ್ಡಿನ ವಿಚಾರವನ್ನು ಆ ಊರಿನವರು ತಮ್ಮ ಕಟ್ಟೆಯಲ್ಲಿ ಕೂತು ನಿಮ್ಮೊಡನೆ ಮಾತಾಡುತ್ತಾರೆ. ನಾನು ಕೇಳುವುದು ಒಂದೇ ಪುಟ. ಹನ್ನೊಂದನೇ ಪುಟವನ್ನು ಹರಿದು ಹೊಸದು ಬರೆಸಿ, ಮೊಹರು ಹಾಕಿ ಕಳಿಸಿ. ಅದರಲ್ಲಿ ಇಷ್ಟಿರಲಿ: "ಆಕೆಗೆ ನಿದ್ದೆ ಬಂದಿತ್ತು. ಮಲಗಲು ಜಾಗ ಕೇಳಿದಳು. ನಾವು ಕೊಡಲಿಲ್ಲ." ಅಷ್ಟು ಬಂದ ದಿನ ತಾಯಿಯ ಪಕ್ಕ ಕೂತು, ಒಂದು ಪದವನ್ನೂ ಹಾರಿಸದೆ ಓದಿ ಹೇಳುತ್ತೇನೆ. ಆಕೆಗೆ ಬಹಳ ಕಾಲ ಉಳಿದಿಲ್ಲ. ಬೇಗ ಬರೆಯಿರಿ.

ಇಂತಿ,
ತಂಗಿಗೆ ಮರ್ಯಾದೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಲಿಸಿದ ಅಣ್ಣ,
ಕೆರೆಂಗ್
(ನಿವೃತ್ತ ಲಾರಿ ಚಾಲಕ, ಫ್ರಾನ್ಸಿಸ್‌ಟೌನ್)