ಇಲಿ ಕಡಿದ ಸ್ವರ

ಗುಡಗೇರಿ
ಬುಧವಾರ, ೧೮ ಜೂನ್ ೨೦೨೫

ಪ್ರೀತಿಯ ಅಜ್ಜಾ,

ನಿನ್ನ ಮೊಣಕಾಲು ಹೇಗಿದೆ? ಮಿರಜಿನಲ್ಲಿ ಬಸಕ್ಕ ಅತ್ತೆಯ ಮನೆ ಮಾಳಿಗೆಯ ಮೇಲಿದೆ, ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಹೇಗೆ ಹತ್ತಿದನೋ ಎಂದು ಅವ್ವ ಗೊಣಗುತ್ತಲೇ ಇದ್ದಾಳೆ. ಅತ್ತೆಯ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಜಗಳ ತೆಗೆಯಬೇಡ. ಫೋನ್ ಮಾಡಿದರೆ ನೀನು ಅದನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದು "ಹೂಂ, ಹೂಂ, ಎಲ್ಲಾ ಆರಾಮ" ಎಂದು ಕೂಗಿ ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಯುನೂಸ್ ತನ್ನ ತಾಯಿಯನ್ನು ಮಿರಜಿನ ದವಾಖಾನೆಗೆ ಕರೆದುಕೊಂಡು ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತೆಗೆ ಓದಲು ಕೊಡಬೇಡ, ಆಕೆ ನಡುನಡುವೆ ಹಾರಿಸಿ ಓದುತ್ತಾಳೆ. ನೀನೇ ಚಾಳೀಸು ಹಾಕಿಕೊಂಡು ಓದು.

ಅಜ್ಜಾ, ನನ್ನನ್ನು ತೆಗೆದುಕೊಂಡರು! ಪುಣೆಯ ಆ ಕಲಾಶಾಲೆಯಲ್ಲಿ ಚಿತ್ರ ಬರೆಯುವವರ ಬಾಜುವಿಗೇ ಸದ್ದಿನ ವಿಭಾಗ ಒಂದಿದೆ. ಅಲ್ಲಿ ರಾಗ ಕಲಿಸುವುದಿಲ್ಲ. ಬಾಗಿಲು, ಗಾಳಿ, ಗಿರಣಿ, ಜನರ ಮಾತು, ಯಾವ ಸದ್ದನ್ನಾದರೂ ತಂದು, ಕತ್ತರಿಸಿ, ಕೂಡಿಸಿ ಹೊಸ ಸಂಗೀತ ಕಟ್ಟಲು ಕಲಿಸುತ್ತಾರೆ. ಗೋಡೆಗೆಲ್ಲ ಸ್ಪೀಕರು ಹಚ್ಚಿದ ಒಂದು ಕೋಣೆಯಿದೆ. ಅದರ ನಡುವೆ ನಿಂತರೆ ಸದ್ದು ನಿನ್ನ ಬೆನ್ನ ಹಿಂದಿನಿಂದ ನಡೆದು ಬಂದು ಎದುರಿಗೆ ಹೋಗುತ್ತದೆ. ನಾನು ಹಿಂದಿರುಗಿ ನೋಡಿಯೇ ಬಿಟ್ಟೆ! ಒಂದು ವರ್ಷದ ಕೋರ್ಸು, ಭಾನುವಾರವೇ ಹೊರಡಬೇಕು.

ಸಂದರ್ಶನಕ್ಕೆ ಮೂವರು ಕೂತಿದ್ದರು. ಅವರಲ್ಲಿ ಒಬ್ಬ ಮೇಡಂ ಬೆಳಗಾವಿಯವರು, ಕನ್ನಡ ಬರುತ್ತದೆ. ಮೊದಲು ಕೇಳಿದ್ದೇ ಪಿಯುಸಿ ಯಾಕೆ ಬಿಟ್ಟೆ ಎಂದು. ಮನೆಯ ತೊಂದರೆ ಅಂತ ಹೇಳಿಬಿಡು ಎಂದು ಸಂಶಿಯ ಗೆಳತಿ ಸುನಿತಾ ಕಲಿಸಿ ಕಳಿಸಿದ್ದಳು. ನನ್ನ ಬಾಯಿಗೆ ಅದು ಬರಲೇ ಇಲ್ಲ. "ಕೂತು ಕೂತು ಬ್ಯಾಸರ ಆತ್ರಿ, ಬಿಟ್ಟೆ" ಎಂದೆ. ಆಮೇಲೆ ನಾನು ಕಟ್ಟಿದ್ದನ್ನು ಹಚ್ಚಿದರು. ರೈಲು ಬರುವ ಮುಂಚೆ ಹಳಿ ಗುಂಯ್ ಅನ್ನುವುದು, ಅವ್ವ ರೊಟ್ಟಿ ಬಡಿಯುವುದು, ಮಠದಲ್ಲಿ ನಿಮ್ಮ ಸೋಮವಾರದ ಭಜನೆ. ಎಲ್ಲದರ ಕೆಳಗೆ ನಿಲ್ಲದೆ ಹರಿಯುವ ನಮ್ಮ ಪೆಟ್ಟಿಗೆಯ ಆ ಒಂದು ಸ್ವರ. ಅದನ್ನು ಹಿಡಿದವರು ಯಾರು ಎಂದು ಕೇಳಿದರು. "ಇಲಿ ರಿ" ಎಂದೆ. ನಾನು ಅಂಬೆಗಾಲಿಡುವಾಗ ಪೆಟ್ಟಿಗೆಯಲ್ಲಿ ಬೆರಳಿನಿಂದ ಒತ್ತುವ ಮನೆಯೊಂದರ ಕೆಳಗಿನ ಚರ್ಮವನ್ನು ಇಲಿ ಕಡಿಯಿತು, ಅಂದಿನಿಂದ ತಿದಿ ಒತ್ತಿದರೆ ಸಾಕು, ಯಾರೂ ಮುಟ್ಟದಿದ್ದರೂ ಆ ಸ್ವರ ತಾನೇ ಕೂಗುತ್ತದೆ ಎಂದು ಬಿಡಿಸಿ ಹೇಳಿದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೇಡಂ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ, "ವರ್ಷಪೂರ್ತಿ ಇದೊಂದ ಸ್ವರಾ ಹಿಡಕೊಂಡು ಕೆಲಸಾ ಮಾಡ್ತಿ?" ಎಂದರು. ಮಾಡ್ತೇನ್ರಿ ಎಂದೆ. ಪೆಟ್ಟಿಗೆ ತರಲು ಹೇಳಿದರು. ಅದು ಭಜನಾ ಮಂಡಳಿಯದು, ನನ್ನದಲ್ಲ ಎಂದೆ. ಹಾಗಾದರೆ ತಿಂಗಳಿಗೊಮ್ಮೆ ಊರಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಾ ಎಂದರು.

ಸ್ಟೇಶನ್ನಿನಿಂದ ಓಡುತ್ತಲೇ ಬಂದೆ. ಬಂದರೆ ನೀನೂ ಇಲ್ಲ, ಪೆಟ್ಟಿಗೆಯೂ ಇಲ್ಲ, ರಿಪೇರಿಗೆಂದು ಮಿರಜಿಗೆ ಒಯ್ದಿದ್ದೀ! ಸಂದರ್ಶನಕ್ಕೆ ಹೋಗುವ ಮುಂಚೆ ಮಠದ ಕಟ್ಟೆಯ ಮೇಲೆ ನಾನು ಕಟ್ಟಿದ್ದನ್ನು ಎಲ್ಲರಿಗೂ ಕೇಳಿಸಿದ್ದೆನಲ್ಲ, ಆಗ ತಬಲಾದ ತಿರಕಪ್ಪ ಕಾಕಾ, "ಮಡಿವಾಳೆಪ್ಪಾ, ನಮ್ಮ ಪೆಟಗಿ ಅಳೂದನ್ನ ನಿನ್ನ ಮೊಮ್ಮಗಳು ಪುಣೆಕ್ಕ ಒಯ್ಯಾಕತ್ತಾಳ. ಇನ್ನ ದಿಲ್ಲಿ ಒಂದ ಉಳೀತ ನೋಡು" ಎಂದಿದ್ದ. ನೀನೂ ನಕ್ಕಿದ್ದೆ. ಅದು ನಿಜವಾದ ನಗು ಎಂದೇ ತಿಳಿದಿದ್ದೆ. ಈ ಸೋಮವಾರ ಬರೀ ತಾಳದ ಮೇಲೆ ಭಜನೆ ಮುಗಿಸಿದರು. ತಿರಕಪ್ಪ ಕಾಕಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

ಶುಕ್ರವಾರ ರಿಪೇರಿ ಮಾಡುವ ಕಾರಾಗೀರ ಪೆಟ್ಟಿಗೆ ಬಿಚ್ಚುತ್ತಾನೆ ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ಅಜ್ಜಾ, ಬಿಚ್ಚಿಸಬೇಡ! ಬಾಜು ಮನೆಯ ಹನಮವ್ವ ಎಮ್ಮೆಯನ್ನು ಕೂಗಿ ಕರೆಯುವುದು ಅದೇ ಸ್ವರದಲ್ಲಿ, ಫೋನಿನಲ್ಲಿ ಅಳೆದು ನೋಡಿದ್ದೇನೆ. ನಮ್ಮ ಓಣಿಯ ಹುಡುಗರು ಮಂಗಳಾರತಿ ಎತ್ತಿಕೊಳ್ಳುವುದೂ ಅಲ್ಲಿಂದಲೇ. ಎಲ್ಲವೂ ಹಾಗೇ ಎಂದು ಸುಳ್ಳು ಹೇಳುವುದಿಲ್ಲ, ಬಸಣ್ಣನ ಹಿಟ್ಟಿನ ಗಿರಣಿ ಒಂದೆಳೆ ಮೇಲಿದೆ. ಆದರೆ ಊರಿನ ಗಂಟಲಿಗೇ ಅದು ಅಂಟಿಕೊಂಡಿದೆ. ಚರ್ಮ ಬದಲಿಸಿದರೆ ಆ ಸ್ವರ ಹೋಯಿತು, ನಾನು ಒಪ್ಪಿಕೊಂಡ ಕೆಲಸವೂ ಹೋಯಿತು. ಪೆಟ್ಟಿಗೆಯನ್ನು ಹೇಗಿದೆಯೋ ಹಾಗೇ ಕಟ್ಟಿಕೊಂಡು ಬಂದುಬಿಡು. ತಿರಕಪ್ಪ ಕಾಕಾನ ಬಾಯಿ ನಾನು ನೋಡಿಕೊಳ್ಳುತ್ತೇನೆ.

ಅತ್ತೆ, ಮಾವನಿಗೆ ಶರಣು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ, ನೋಯುವ ಮೊಣಕಾಲು ಬಿಟ್ಟು.

ನಿನ್ನ ಹಟಮಾರಿ,
ರೋಹಿಣಿ

ತಾ.ಕ.: ಇಷ್ಟು ಬರೆದು ಅವ್ವನಿಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಊರ ಗಂಟಲಾ ಅಳದೀ, ನಿಮ್ಮಜ್ಜನ ಗಂಟಲಾ ಕೇಳಿಯೇನ್ ಬೇ?" ಎಂದಳು. ನೀನು ಹಾಡು ಎತ್ತಿಕೊಳ್ಳುವ ಸಾ ಮೊದಲು ಎಷ್ಟೋ ಕೆಳಗಿತ್ತಂತೆ, ಇಲಿಯ ಸ್ವರಕ್ಕೆ ಕೂಡಲಿ ಎಂದು ನೀನೇ ಮೇಲೆ ಏರಿಸಿಕೊಂಡೆಯಂತೆ. ಭಜನೆ ಮುಗಿದ ಮೇಲೆ ನೀನು ಬಿಸಿನೀರು, ಉಪ್ಪು ಕೇಳುವುದು ಬರೀ ರೂಢಿ ಎಂದುಕೊಂಡಿದ್ದೆ. ನನ್ನ ರೆಕಾರ್ಡಿಂಗಿನಲ್ಲಿ ಸಾಲುಸಾಲಿಗೆ ನೀನು ಕೆಮ್ಮಿದ್ದೀ ಅಜ್ಜಾ. ಚೆನ್ನಾಗಿ ಕೇಳಿಸಲಿ ಎಂದು ಆ ಕೆಮ್ಮನ್ನೆಲ್ಲ ನಾನೇ ಕತ್ತರಿಸಿ ತೆಗೆದಿದ್ದೇನೆ. ಮೇಲೆ ಬರೆದದ್ದನ್ನು ತಿದ್ದಲು ಹೊತ್ತಿಲ್ಲ, ಯುನೂಸ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬಿಚ್ಚಿಸು. ಹೊಸ ಚರ್ಮ ಹಾಕಿಸು. ಕಡಿದ ತುಂಡನ್ನು ಮಾತ್ರ ಎಸೆಯದೆ ಧೋತರದ ಚುಂಗಿಗೆ ಕಟ್ಟಿಕೋ. ಮೇಡಂಗೆ ಇದ್ದದ್ದು ಇದ್ದಹಾಗೆ ಹೇಳುತ್ತೇನೆ, ಏನನ್ನುತ್ತಾರೋ ಗೊತ್ತಿಲ್ಲ. ಭಾನುವಾರ ನನ್ನ ಗಾಡಿ ಮಿರಜಿನಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯನ್ನು ಮಾವನ ಕೈಲಿ ಹೊರಿಸಿಕೊಂಡು ಪ್ಲಾಟ್‌ಫಾರ್ಮಿಗೆ ಬಾ, ನಿನ್ನ ಹಳೆಯ ಸಾ ಹಿಡಿದು ಒಂದೇ ಒಂದು ಸಾಲು ಹಾಡು. ನಾನು ಅದನ್ನು ಕೇಳಿಯೇ ಇಲ್ಲ. ರೆಕಾರ್ಡರು ಹಿಡಿದು ಕಿಟಕಿಯಲ್ಲಿರುತ್ತೇನೆ. ಕೆಮ್ಮು ಬಂದರೆ ಕೆಮ್ಮು, ಈ ಸಲ ಕತ್ತರಿಸುವುದಿಲ್ಲ.